ನಾನು ಕೊಡದ ದೂರು, ನೀವು ಕೊಟ್ಟ ಅಮಾನತು

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ತಮ್ಮ ಕಚೇರಿಯಿಂದ ನನಗೊಂದು ಧನ್ಯವಾದ ಪತ್ರ ಬಂದಿದೆ. ‘ತಾವು ನೀಡಿದ ಲಿಖಿತ ದೂರಿನನ್ವಯ ಪುರುಷರ ಶಸ್ತ್ರಚಿಕಿತ್ಸಾ ವಾರ್ಡಿನ ಶುಶ್ರೂಷಕಿಯನ್ನು ಅಮಾನತುಗೊಳಿಸಲಾಗಿದೆ. ತಮ್ಮ ನಾಗರಿಕ ಪ್ರಜ್ಞೆ ಶ್ಲಾಘನೀಯ’ ಎಂದು ಅದರಲ್ಲಿದೆ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ನನ್ನನ್ನು ಈವರೆಗೆ ಯಾವ ಕಚೇರಿಯೂ ಶ್ಲಾಘಿಸಿರಲಿಲ್ಲ. ಕಷ್ಟವೇನೆಂದರೆ, ನಾನು ದೂರು ಕೊಟ್ಟೇ ಇಲ್ಲ.

ಪತ್ರ ಓದಿದ ನನ್ನ ಹೆಂಡತಿ ಕನ್ನಡಕ ಸರಿಮಾಡಿಕೊಂಡು ಕೇಳಿದಳು: “ನೀವ್ಯಾವಾಗ ದೂರು ಕೊಟ್ರಿ? ನಲ್ಲಿ ಸೋರೋಕೆ ಶುರುವಾಗಿ ಎರಡು ತಿಂಗಳಾಯ್ತು, ಒಂದು ಫೋನ್ ಮಾಡೋಕೆ ಆಗಿಲ್ಲ ನಿಮಗೆ.” ಅವಳ ಮಾತಿನಲ್ಲಿ ನ್ಯಾಯವಿತ್ತು. ಮರುದಿನವೇ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಡತ ಬಿಚ್ಚಿ ತೋರಿಸಿದರು. ಟೈಪು ಮಾಡಿದ ಒಂದು ಪುಟದ ದೂರು, ಕೆಳಗೆ ನನ್ನದೇ ಸಹಿ. ‘ಘೋರ ಕರ್ತವ್ಯಲೋಪ’ ಎಂಬ ಮಾತು ಮೂರು ಕಡೆ ಇತ್ತು. ಆ ಮಾತನ್ನು ಮೇಲಧಿಕಾರಿಗಳು ನನ್ನ ಮೇಲೆ ಬಳಸಿದ್ದಾರೆ, ನಾನು ಇನ್ನೊಬ್ಬರ ಮೇಲೆ ಬಳಸಿದ್ದಿಲ್ಲ.

ಆಗ ನೆನಪಾಯಿತು. ತಮ್ಮ ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಇದೇ ಗುಮಾಸ್ತರು “ಇಲ್ಲೊಂದು, ಇಲ್ಲೊಂದು, ಹಾಂ, ಇಲ್ಲೂ ಒಂದು” ಎನ್ನುತ್ತ ಐದು ಕಡೆ ಸಹಿ ಹಾಕಿಸಿಕೊಂಡಿದ್ದರು. ಹರ್ನಿಯಾ ಹೊಲಿಗೆ ಹಿಡಿದುಕೊಂಡು ಬಗ್ಗಿ ನಿಂತವನು ಆಸ್ತಿಪತ್ರವನ್ನೇ ಮುಂದಿಟ್ಟಿದ್ದರೂ ಸಹಿ ಹಾಕುತ್ತಿದ್ದ. ಆದರೂ ಓದದೆ ಸಹಿ ಹಾಕಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಓದಿಸದೆ ಹಾಕಿಸಿಕೊಂಡಿದ್ದಕ್ಕೆ ತಮ್ಮಲ್ಲಿ ಏನೆನ್ನುತ್ತಾರೆ?

ನಡೆದದ್ದೇನೆಂದು ತಮಗೆ ಗೊತ್ತಿರಲಾರದು. ತಾವು ನಮ್ಮ ವಾರ್ಡಿಗೆ ಬಂದದ್ದನ್ನು ಹನ್ನೊಂದು ದಿನಗಳಲ್ಲಿ ನಾನು ನೋಡಲಿಲ್ಲ. ಬರುತ್ತೀರೆಂಬ ಸುದ್ದಿ ಒಮ್ಮೆ ಬಂದಿತ್ತು. ಆ ದಿನ ಎಲ್ಲರ ಚಾದರ ಬದಲಾಯಿತು, ಹಾಗಾಗಿ ತಾವು ಬಾರದೆಯೂ ಉಪಕಾರವಾಯಿತು.

ನಲವತ್ತು ಹಾಸಿಗೆಯ ವಾರ್ಡಿನಲ್ಲಿ ನಾವು ನಲವತ್ತಾರು ಜನ. ಹೆಚ್ಚಾದ ಆರು ಜನ ನೆಲದ ಮೇಲೆ. ನನ್ನದು ಹದಿನೆಂಟನೇ ಹಾಸಿಗೆ. ಹದಿನೇಳರಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ ಮಲಗಿದ್ದವರು. ಇಷ್ಟು ಜನಕ್ಕೆ ಹಗಲಿಗೆ ಇಬ್ಬರು ಸಿಸ್ಟರ್. ಹೆಸರಿಗೆ ಇಡೀ ವಾರ್ಡಿಗೆ ಸಿಸ್ಟರ್, ಅಣ್ಣತಮ್ಮ ಎಂದು ಬೆನ್ನಿಗೆ ನಿಂತವರು ಮಾತ್ರ ಒಬ್ಬರೂ ಇಲ್ಲ.

ಈ ಘಟನೆ ನಡೆದ ದಿನ ಇಬ್ಬರಲ್ಲಿ ಕಿರಿಯವಳನ್ನು ಊಟದ ಹೊತ್ತಿಗೇ ಸಭಾಂಗಣಕ್ಕೆ ಕರೆಸಿಕೊಂಡಿರಿ. ಅಲ್ಲಿ ಶುಶ್ರೂಷಕಿಯರಿಗಾಗಿ ‘ಒತ್ತಡ ನಿರ್ವಹಣೆ’ ಕುರಿತು ಉಪನ್ಯಾಸ, ಕುರ್ಚಿಗಳು ಖಾಲಿ ಕಾಣಬಾರದಂತೆ. ಉಳಿದವರು ಹಿರಿಯ ಸಿಸ್ಟರ್ ಒಬ್ಬರೇ. ಅವರು ಹಿಂದಿನ ರಾತ್ರಿಯ ಪಾಳಿ ಮುಗಿಸಿದವರು. ಬೆಳಗ್ಗೆ ಬರಬೇಕಾದವರು ಜ್ವರವೆಂದು ಬರಲಿಲ್ಲ, ಬದಲಿ ಕೇಳಿದರೆ “ಇವತ್ತೊಂದು ದಿನ ಹೊಂದಿಸ್ಕೊಳ್ಳಿ” ಎಂಬ ಉತ್ತರ ಬಂತು. ಆ ವಾರದಲ್ಲಿ ಅದು ಮೂರನೆಯ ‘ಇವತ್ತೊಂದು ದಿನ’.

ಸಭಾಂಗಣದ ಧ್ವನಿವರ್ಧಕ ನಮ್ಮ ಕಿಟಕಿಗೆ ನೇರವಾಗಿತ್ತು. ಉಪನ್ಯಾಸಕರು “ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಳ್ಳಿ, ಚಿಂತೆಗಳನ್ನು ಹೊರಬಿಡಿ” ಎನ್ನುತ್ತಿದ್ದರು. ಇಲ್ಲಿ ಸಿಸ್ಟರ್ ಒಬ್ಬನ ಗ್ಲೂಕೋಸ್ ಬಾಟಲಿ ಬದಲಿಸಿ, ಇನ್ನೊಬ್ಬನ ವಾಂತಿಯ ಬಟ್ಟಲು ಹಿಡಿದು, ಮೂರನೆಯವನ ಬಂಧುಗಳಿಂದ “ಎಷ್ಟೊತ್ತಿಂದ ಕೂಗ್ತಿದ್ದೀವಿ, ಕಿವಿ ಕೇಳಲ್ವಾ” ಎಂದು ಬೈಸಿಕೊಳ್ಳುತ್ತಿದ್ದರು. ಉಸಿರೆಳೆದುಕೊಂಡದ್ದು ನಾವು ರೋಗಿಗಳೇ. ಮಲಗಿದವರಿಗೆ ಬೇರೇನು ಕೆಲಸ?

ನಾಲ್ಕು ಗಂಟೆಯ ಸುಮಾರಿಗೆ ಅವರು ಸಿರಿಂಜು ಹಿಡಿದು ನನ್ನ ಬಳಿ ಬಂದರು. “ಹದಿನೇಳು” ಎಂದು ತಮಗೇ ಹೇಳಿಕೊಂಡು ನನ್ನ ತೋಳು ಮೇಲೆತ್ತಿ ಹತ್ತಿಯಿಂದ ಒರೆಸಿದರು. ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ಅಂಥ ಕಣ್ಣು ನನಗೆ ಗೊತ್ತು. ಸ್ಟೀರಿಂಗ್ ಮುಂದಿನ ಕನ್ನಡಿಯಲ್ಲಿ ನನ್ನದನ್ನೇ ಎರಡು ಸಲ ನೋಡಿದ್ದೇನೆ, ಎರಡು ಸಲವೂ ಗಾಡಿ ಪಕ್ಕಕ್ಕೆ ಹಾಕಿದ್ದೇನೆ.

“ಸಿಸ್ಟರ್, ನಾನು ಹದಿನೆಂಟು. ಸಕ್ಕರೆ ಇರೋರು ಪಕ್ಕದ ಮೇಷ್ಟ್ರು” ಎಂದೆ.

ಅವರು ಸಿರಿಂಜನ್ನು ನೋಡಿದರು, ನನ್ನನ್ನು ನೋಡಿದರು. ಮೇಷ್ಟ್ರು ವಾತಾವರಣ ತಿಳಿಯಾಗಲೆಂದು, “ನನ್ನ ಇನ್ಸುಲಿನ್ ಅವರಿಗೆ ಕೊಟ್ರೆ, ಅವರು ತಿನ್ನೋ ಸಿಹಿ ನನಗೆ ಕೊಡ್ಬೇಕಮ್ಮ, ಲೆಕ್ಕ ಸರಿಹೋಗುತ್ತೆ” ಎಂದರು. ನಾನು ನಕ್ಕೆ. ಸಿಸ್ಟರ್ ನಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು ಕೇಳಿದರು:

“ಅಣ್ಣಾ, ನೀವು ನಿದ್ದೆ ಮಾಡ್ತಿದ್ದಿದ್ರೆ?”

ನನ್ನ ನಗು ಅಲ್ಲಿಗೇ ನಿಂತಿತು. ಆಮೇಲೆ ಅವರು ಎದ್ದು ಮುಖ ತೊಳೆದು ಬಂದರು. ಆ ಸಿರಿಂಜು ಎಸೆದು ಹೊಸದು ತುಂಬಿ, ಚೀಟಿಯನ್ನು ಎರಡು ಸಲ ಓದಿ, ಮೇಷ್ಟ್ರ ಬಾಯಿಂದ ಹೆಸರು ಹೇಳಿಸಿಯೇ ಚುಚ್ಚಿದರು. ನಂತರ ತಪ್ಪುಗಳನ್ನು ದಾಖಲಿಸುವ ಪುಸ್ತಕ ತೆರೆದು ಬರೆಯತೊಡಗಿದರು.

“ಯಾಕೆ ಬರೀತೀರಿ ಸಿಸ್ಟರ್? ಏನೂ ಆಗ್ಲಿಲ್ವಲ್ಲ” ಎಂದೆ.

“ಆಗ್ಲಿಲ್ಲ ಅಂತಾನೇ ಬರೀತಿದ್ದೀನಿ ಅಣ್ಣಾ. ಆದ್ಮೇಲೆ ಬರೆಯೋಕೆ ಪೊಲೀಸರು ಇರ್ತಾರೆ.”

ತಪ್ಪಿನ ಜೊತೆಗೆ, ತಾನು ಎಷ್ಟು ಗಂಟೆಯಿಂದ ಕೆಲಸದಲ್ಲಿದ್ದೆ, ಎಷ್ಟು ರೋಗಿಗಳಿದ್ದರು ಎಂಬುದನ್ನೂ ಅವರು ಬರೆದರು. ಅಲ್ಲೇ ಎಡವಟ್ಟಾಯಿತು. ತಪ್ಪನ್ನಷ್ಟೇ ಬರೆದಿದ್ದರೆ ಅದು ಅವರೊಬ್ಬರ ತಪ್ಪಾಗಿರುತ್ತಿತ್ತು. ಗಂಟೆಗಳನ್ನು ಬರೆದದ್ದರಿಂದ ಅದರಲ್ಲಿ ತಮಗೂ ಪಾಲು ಬಂತು. ಪಾಲು ಬೇಡವೆನಿಸಿದಾಗ ತಮಗೊಬ್ಬ ದೂರುದಾರ ಬೇಕಾದ. ನಾನು ಬಗ್ಗಿ ನಿಂತಿದ್ದೆ, ಸಿಕ್ಕಿದೆ.

ಕಳೆದ ವಾರ ಹೆಂಡತಿಯನ್ನು ಕರೆದುಕೊಂಡು ಸಿಸ್ಟರ್ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದ ಅವರ ಮಗಳು ನಾನು ಯಾರೆಂದು ಗೊತ್ತಾದಾಗ ಒಳಗೆ ಕರೆಯಲಿಲ್ಲ. ಸಿಸ್ಟರೇ ಬಂದು ಕರೆದರು. ಸಹಿಯ ಕತೆ ಹೇಳಿದೆ. ಅವರು ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. “ಹೋಗ್ಲಿ ಬಿಡಿ ಅಣ್ಣಾ” ಎಂದು ಹೊಲಿಗೆ ಮಾಯ್ದಿದೆಯೇ ಎಂದು ವಿಚಾರಿಸಿದರು. ಆಮೇಲೆ ನನ್ನ ಹೆಂಡತಿಯ ಬಳಿ ತಗ್ಗಿದ ದನಿಯಲ್ಲಿ ಹೇಳಿದರು: “ಹೇಳ್ಕೊಳ್ಳೋಕೆ ನಾಚಿಕೆ ಅಕ್ಕಾ. ಸಸ್ಪೆಂಡ್ ಆದ ದಿನ ಮನೆಗೆ ಬಂದು ಹದಿನಾಲ್ಕು ಗಂಟೆ ಮಲಗಿದೆ. ಇವಳು ಹೆದರಿ ಮೂಗಿನ ಹತ್ರ ಕೈ ಹಿಡಿದು ನೋಡಿದ್ಲಂತೆ.” ಮಗಳು ತಲೆ ತಗ್ಗಿಸಿದಳು.

ಹೊಲಿಗೆ ತೋರಿಸಲು ಮೊನ್ನೆ ತಮ್ಮ ಆಸ್ಪತ್ರೆಗೆ ಬಂದಿದ್ದೆ. ವಾರ್ಡಿನಲ್ಲಿ ಈಗ ಆ ಕಿರಿಯ ಸಿಸ್ಟರ್ ಒಬ್ಬಳೇ. “ಆ ಪುಸ್ತಕದಲ್ಲಿ ಈಗ ಯಾರು ಬರೀತಾರೆ?” ಎಂದು ಕೇಳಿದೆ. ಅವಳು ನನ್ನನ್ನು ಹುಚ್ಚನಂತೆ ನೋಡಿ, “ಯಾರೂ ಬರೆಯಲ್ಲ ಅಂಕಲ್. ಬರೆದೋರಿಗೆ ಏನಾಯ್ತು ನೋಡಿದ್ವಲ್ಲ” ಎಂದಳು. ಅಭಿನಂದನೆಗಳು, ಮಾನ್ಯರೇ. ದಾಖಲೆಯ ಪ್ರಕಾರ ತಮ್ಮ ಆಸ್ಪತ್ರೆಯಲ್ಲಿ ಈಗ ತಪ್ಪುಗಳೇ ಆಗುತ್ತಿಲ್ಲ.

ನಮ್ಮ ಡಿಪೋದ ಸಾಹೇಬರೂ ದೇವರಂಥವರೇನಲ್ಲ. ಆದರೂ ಎಂಟು ಗಂಟೆಯ ದುಡಿಮೆ ಮೀರಿದವನ ಕೈಗೆ ಅವರು ಬಸ್ಸು ಕೊಡುವುದಿಲ್ಲ. ಕೊಟ್ಟು ಅಪಘಾತವಾದರೆ ಅವರೂ ಕಟಕಟೆ ಹತ್ತಬೇಕಾಗುತ್ತದೆ. ತಮ್ಮಲ್ಲಿ ಆ ನಿಯಮವಿಲ್ಲವೇ, ಇದ್ದೂ ರಜೆಯ ಮೇಲಿದೆಯೇ?

ನನ್ನ ಹೆಸರಿನ ಆ ದೂರನ್ನು ನಾನು ಈ ಮೂಲಕ ಹಿಂಪಡೆಯುತ್ತಿದ್ದೇನೆ. ಸಿಸ್ಟರ್ ಅವರ ಅಮಾನತು ರದ್ದಾಗಬೇಕು. ಎರಡು ಪಾಳಿ ಒಟ್ಟಿಗೆ ಮಾಡಿಸುವುದು ನಿಲ್ಲಬೇಕು. ಪುಸ್ತಕದಲ್ಲಿ ನಿಜ ಬರೆದವರಿಗೆ ಶಿಕ್ಷೆಯಿಲ್ಲವೆಂದು ತಾವೇ ಸಹಿ ಮಾಡಿ ವಾರ್ಡಿನ ಗೋಡೆಗೆ ಅಂಟಿಸಬೇಕು. ವಿಚಾರಣೆ ನಡೆಸುವುದಾದರೆ ನಾನೂ ಮೇಷ್ಟ್ರೂ ಸಾಕ್ಷಿಗೆ ಬರುತ್ತೇವೆ. ಈ ಪತ್ರದ ಕಾಗುಣಿತ ತಿದ್ದಿದವರೂ ಅವರೇ. ಮೇಷ್ಟ್ರು ಕುಂಟುತ್ತಾರೆ, ನೆಲ ಅಂತಸ್ತಿನಲ್ಲಿ ಕೂರಿಸಿ.

ಒಂದು ವಿಷಯ ಮಾತ್ರ ಬೇಗ ಯೋಚಿಸಿ. ಅಂದು ನನಗೆ ಎಚ್ಚರವಿತ್ತು, ಬಾಯಿಯೂ ಇತ್ತು. ಇವತ್ತು ಅದೇ ಹಾಸಿಗೆಯಲ್ಲಿ, ಅರಿವಳಿಕೆ ಇನ್ನೂ ಇಳಿಯದ ಯಾರೋ ಒಬ್ಬರು ಮಲಗಿರುತ್ತಾರೆ.

ಇಂತಿ,
ತಮ್ಮಲ್ಲಿ ಗುಣವಾಗಿ, ತಮ್ಮ ಮೇಲೆಯೇ ತಿರುಗಿಬಿದ್ದ
ಕೃತಘ್ನ ರೋಗಿ