ಹಿನ್ನೀರಿನ ದಂಡೆಯ ಚರಗ

ನವನಗರ, ಬಾಗಲಕೋಟೆ
೧೦ ಜನವರಿ ೨೦೨೬, ಶನಿವಾರ

ಅತ್ತೆಯವರಿಗೆ ಸೊಸೆ ಬನಶಂಕರಿಯ ಶರಣಾರ್ಥಿ.

ಮೊಣಕಾಲು ಹೇಗಿದೆ? ತಿಕ್ಕಿಕೊಳ್ಳುವ ಎಣ್ಣೆಯ ಸೀಸೆ ಇಲ್ಲೇ ಕಿಟಕಿಯಲ್ಲಿ ಉಳಿದಿದೆ, ಇದರ ಜೊತೆಗೆ ಕಳಿಸುತ್ತಿದ್ದೇನೆ. ಬಿ.ಪಿ. ಗುಳಿಗೆ ಬೆಳಗಿನದು, ನಾಷ್ಟಾ ಆದ ಮೇಲೆ. ಖಾಲಿ ಹೊಟ್ಟೆಯಲ್ಲಿ ತೊಗೊಳ್ಳಬೇಡಿ. ಇಳಕಲ್ಲಿನಲ್ಲಿ ನಿಮ್ಮ ಮಗಳು ಶೀಲಾಳ ಮನೆಯ ಹಿತ್ತಲ ಮೆಟ್ಟಿಲು ಕಿರಿದು, ಗೋಡೆ ಹಿಡಿದು ಇಳಿಯಿರಿ. ಇಲ್ಲಿ ಮಾಯಾ ಆರಾಮಾಗಿದ್ದಾಳೆ, ಶಾಲೆಯಿಂದ ಬಂದವಳೇ ನಿಮ್ಮ ಹಾಸಿಗೆಯ ಮೇಲೆ ಪುಸ್ತಕ ಹರವಿಕೊಂಡು ಕೂಡುತ್ತಾಳೆ. ನಿಮ್ಮ ಮಗ ಎಂದಿನಂತೆ ಕುಳಗೇರಿ ಕ್ರಾಸಿನ ಅಂಗಡಿಗೆ ಹೋಗಿ ಬಂದು ಮಾಡುತ್ತಾರೆ. ನಾನು ದಣಿದಿದ್ದೇನೆ. ಶಾಲೆಯಲ್ಲಿ ಮಕ್ಕಳಿಗೆ ಕೂಗಿ ಕೂಗಿ ಬಂದು, ಇಲ್ಲಿ ಒಲೆ ಹೊತ್ತಿಸುವ ಹೊತ್ತಿಗೆ ನಿಲ್ಲುವುದಕ್ಕೂ ಬೇಸರವಾಗುತ್ತದೆ. ನೀವು ಹೋಗಿ ಹತ್ತೊಂಬತ್ತು ದಿನವಾಯಿತು. ಫೋನಿನಲ್ಲಿ ಹೇಳೋಣವೆಂದು ಹತ್ತು ಸಲ ನಂಬರು ಒತ್ತಿದೆ, ಗಂಟೆ ಹೊಡೆಯುವ ಮೊದಲೇ ಕಡಿದೆ. ಅದಕ್ಕೇ ಈ ಕಾಗದ.

ಆ ಭಾನುವಾರದ್ದನ್ನು ಮೊದಲಿನಿಂದ ಹೇಳಿಬಿಡುತ್ತೇನೆ, ಇಲ್ಲವಾದರೆ ನನಗೆ ಸಮಾಧಾನವಿಲ್ಲ. ತಿಂಗಳಿಗೊಂದು ಸಿನಿಮಾ, ಆ ಸಿನಿಮಾಕ್ಕೆ ಹೊಂದುವ ಊಟ, ಇದು ನಮ್ಮ ಓಣಿಯ ಹೆಣ್ಣುಮಕ್ಕಳ ಬಳಗದ ಪದ್ಧತಿ. ಪ್ರೊಜೆಕ್ಟರ್ ಮೂಲೆಮನೆ ಗೀತಾಂಜಲಿಯದು, ಹುಕುಂ ಕೂಡ ಅವಳದೇ. ಡಿಸೆಂಬರಿನ ಊಟದ ಪಾಳಿ ನನ್ನ ಪಾಲಿಗೆ ಬಂತು. ಚಿತ್ರ ಒಂದು ನಡುಗಡ್ಡೆಯದು, ಆದ್ದರಿಂದ ಮನೆಯಲ್ಲಿ ಬೇಡ, ಹಿನ್ನೀರಿನ ದಂಡೆಯ ಬಯಲಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ ನೋಡೋಣ ಎಂದಳು ಗೀತಾಂಜಲಿ. ನಡುಗಡ್ಡೆಯ ಊಟವೆಂದರೆ ತೆಂಗಿನಕಾಯಿ ಅನ್ನ, ಅನಾನಸು ಶಿರಾ, ಬಾಳೆ ಎಲೆಯ ಪೊಟ್ಟಣ. ಮೀನೂ ಇರಬೇಕಿತ್ತು, ಆದರೆ ನಮ್ಮಲ್ಲಿ ಮೀನು ಮುಟ್ಟುವವರು ಎಲ್ಲಿದ್ದಾರೆ? ಶಂಕರಪೋಳಿಯನ್ನೇ ಮೀನಿನ ಆಕಾರಕ್ಕೆ ಕೊಯ್ದು ಕರಿಯುವುದೆಂದು ಠರಾಯಿಸಿದೆವು. ನೀವು ಹಿಂದಿನ ಸಂಜೆ ನನ್ನ ಪಕ್ಕ ಕುಳಿತು ಒಂದೊಂದಕ್ಕೂ ಬಾಲ ಮಾಡಿಕೊಟ್ಟಿರಿ. “ಕೊರಳಾಗ ಲಿಂಗಾ ಕಟ್ಕೊಂಡು ಮೀನಾ ಕೊಯ್ಯೂ ಕಾಲ ಬಂತಲ್ಲವಾ” ಎಂದು ನಕ್ಕಿರಿ. ನನಗೆ ಆಗ ನಗುವಷ್ಟು ತ್ರಾಣವೂ ಇರಲಿಲ್ಲ, ಸಿಡುಕಿದೆ.

ಎಳ್ಳಮಾಸೆ ಆಗಿ ಎರಡೇ ದಿನವಾಗಿತ್ತು. ನಿಮ್ಮನ್ನು ಕರೆದುಕೊಂಡು ಹೋದವಳು ನಾನೇ, ಮಾಯಾಳನ್ನು ನೋಡಿಕೊಳ್ಳಲು ಒಬ್ಬರು ಬೇಕೆಂಬ ಸ್ವಾರ್ಥಕ್ಕೆ. ಬಯಲಲ್ಲಿ ಜಮಖಾನೆ ಹಾಸಿ, ಬುತ್ತಿ ಬಿಚ್ಚಿ, ಎರಡು ಕೋಲಿಗೆ ಬಿಳಿ ಚಾದರ ಕಟ್ಟುತ್ತಿದ್ದೆವು. ಮುಂದೆ ನೀರು, ಹೊತ್ತು ಮುಳುಗುತ್ತಿತ್ತು. ನೀವು ಎದ್ದು ಬಂದು ಪಾತೇಲಿಗೆ ಕೈ ಹಾಕಿ ಮೊದಲ ಹಿಡಿ ಅನ್ನ ತೆಗೆದಿರಿ. ಹೊಲದಲ್ಲಿ ಉಣ್ಣುವ ಮೊದಲು ಭೂಮಿತಾಯಿಗೆ ಚರಗ ಚೆಲ್ಲುತ್ತಾರಲ್ಲ, ಹಾಗೆ ಕೂಗು ಹಾಕುತ್ತ ಎಸೆದಿರಿ. ಅನ್ನ ಹೋಗಿ ಚಾದರಕ್ಕೆ ಬಡಿಯಿತು. ಅದನ್ನು ಕಟ್ಟುತ್ತ ನಿಂತಿದ್ದ ಗೀತಾಂಜಲಿಯ ರೇಷ್ಮೆ ಸೀರೆಯ ಮೇಲೂ ಬಿತ್ತು. ಎಲ್ಲರೂ ನಕ್ಕರು, ಯಾರೋ ಮೊಬೈಲು ಹಿಡಿದರು. ಆಗ ನಾನು ಅಂದದ್ದನ್ನು ಇಲ್ಲಿ ಬರೆಯಲೇಬೇಕು. “ಹೊಲಾನ ಇಲ್ಲ, ಯಾರಿಗ್ರೀ ಚರಗಾ ಚೆಲ್ಲಾಕತ್ತೀರಿ? ಮಂದ್ಯಾಗ ನನ್ನ ಮಾನಾ ಕಳೀಬ್ಯಾಡ್ರಿ. ಸುಮ್ನ ಕುಂದರ್ರಿ.” ನೀವು ಸೆರಗಿಗೆ ಕೈ ಒರೆಸಿಕೊಂಡು ಕುಳಿತಿರಿ. ಊಟ ಮಾಡಲಿಲ್ಲ. ನಾನೂ ಉಣ್ಣಿರಿ ಅನ್ನಲಿಲ್ಲ.

ಸಿನಿಮಾ ನೀವೂ ನೋಡಿದಿರಿ, ನಾನೂ ನೋಡಿದೆ. ದೋಣಿ ಒಡೆದು ತಂದೆ ಮಗಳು ಇಬ್ಬರೇ ನಡುಗಡ್ಡೆಯಲ್ಲಿ ಉಳಿಯುತ್ತಾರೆ. ಆ ತಂದೆ ದಿನಾ ಉಣ್ಣುವ ಮೊದಲು ಒಂದು ತುತ್ತು ತೆಗೆದು, ದೋಣಿ ಮುಳುಗಿದ ದಿಕ್ಕಿಗೆ ನೀರಿಗೆ ಬಿಡುತ್ತಾನೆ. ಆಗ ನಮ್ಮವರೆಲ್ಲ ಲೊಚಗುಟ್ಟಿದರು, ಗೀತಾಂಜಲಿ ಕಣ್ಣೊರೆಸಿಕೊಂಡಳು. ನನಗೆ ನಿಮ್ಮ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ತೆಂಗಿನಕಾಯಿ ಅನ್ನ ಭಾಳ ಉಳಿಯಿತು, ಮರುದಿನ ಹಳಸಿತು.

ಬೆಳಗ್ಗೆ ನಾನು ಶಾಲೆಗೆ ಹೋದ ಮೇಲೆ ನೀವು ಚೀಲ ಹಿಡಿದು ಹುನಗುಂದದ ಮೇಲಿನ ಬಸ್ಸು ಹತ್ತಿ ಹೋಗಿದ್ದಿರಿ. ನಿಮ್ಮ ಮಗ ಬಂದು ಅವ್ವ ಎಲ್ಲಿ ಎಂದರು. ಶೀಲಾಳಿಗೆ ಸೊಂಟ ಹಿಡಿದಿದೆಯಂತೆ, ಕರೆಸಿಕೊಂಡಳು ಎಂದುಬಿಟ್ಟೆ. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತೆಂಬಂತೆ ಬಂತು. ಅವರು ನಿಮಗೆ ಫೋನು ಹಚ್ಚಿ ಜೋರಾಗಿ ಕೇಳುವಂತೆ ಇಟ್ಟು, ಶೀಲಾಳ ಸೊಂಟ ಹಿಡಿದಿದೆಯೇ ಎಂದು ಕೇಳಿದರು. ಇನ್ನೇನು ಎಲ್ಲ ಹೊರಗೆ ಬಂತೆಂದು ನಾನು ಅಡಿಗೆಮನೆಯ ಬಾಗಿಲು ಹಿಡಿದು ನಿಂತೆ. ನೀವು, “ಹೌದಪಾ, ಶೀಲಾನ ಸೊಂಟಾ ಹಿಡದೈತಿ, ನಾನಾಗೇ ಬಂದೇನಿ. ಆಕಿಗೇನೂ ಅನಬ್ಯಾಡ” ಎಂದಿರಿ. ನೀವು ಬೈದಿದ್ದರೆ ನಾನು ಎರಡು ದಿನ ಅತ್ತು ಸುಮ್ಮನಾಗುತ್ತಿದ್ದೆ. ಅಂದಿನಿಂದ ಅವರ ತಾಟಿಗೆ ರೊಟ್ಟಿ ಹಾಕುವಾಗಲೆಲ್ಲ ಕೈ ಹಿಂದೆ ಸರಿಯುತ್ತದೆ.

ಹೋದ ವಾರ ನಮ್ಮ ಬಳಗದ ಬಿಬಿಜಾನ ಬಂದಿದ್ದಳು, ಅಂದು ದಂಡೆಯಲ್ಲಿ ಅವಳೂ ಇದ್ದಳಲ್ಲ. ಅವಳು ಮುಳುಗಿದ ಹಳೆ ಊರಿನವಳು ಎನ್ನುವುದು ನಿಮಗೆ ಗೊತ್ತು. ಅವಳೇ ಹೇಳಿದಳು, “ನಿಮ್ಮತ್ತಿ ಮಂದಿ ಮ್ಯಾಲೆ ಒಗೀಲಿಲ್ಲ, ನೀರಿನ ಕಡೆ ಒಗದ್ಲು. ಚಾದರಾ ಅಡ್ಡ ಬಂತು, ಅಷ್ಟ. ನಿಮ್ಮ ಹೊಲಾ ಅಲ್ಲೇ ಐತಿ, ನಮ್ಮ ಮನೀನೂ ಅಲ್ಲೇ ಇತ್ತು.” ನಾನು ಸೊಸೆಯಾಗಿ ಬರುವ ಹೊತ್ತಿಗೆ ಹೊಲ ಅಣೆಕಟ್ಟಿನ ನೀರೊಳಗೆ ಹೋಗಿ ವರ್ಷಗಳಾಗಿದ್ದವು. ಮಾವನವರು ಉತ್ತಿದ್ದು ಯಾವ ದಿಕ್ಕಿಗೆ ಎಂದು ನಾನು ಒಂದು ದಿನವೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ದಿನಾ ಆ ದಂಡೆಯ ರಸ್ತೆಯಲ್ಲೇ ಶಾಲೆಗೆ ಹೋಗುತ್ತೇನೆ, ನನಗೆ ಅದು ಬರೀ ನೀರು. ನೀವು ಇಷ್ಟು ವರ್ಷ ಎಳ್ಳಮಾಸೆಗೆ ಅಡಿಗೆ ಮಾಡಿ ಬಾಗಿಲಲ್ಲಿ ನಿಂತು ಎತ್ತ ನೋಡುತ್ತಿದ್ದಿರೋ, ಈಗ ತಿಳಿಯುತ್ತದೆ.

ದಣಿದಿದ್ದೆ, ಅದಕ್ಕೇ ಅಂದೆ ಎಂದು ನನಗೆ ನಾನೇ ಹೇಳಿ ನೋಡಿಕೊಂಡೆ. ಅದು ಖರೆ ಅಲ್ಲ. ಗೀತಾಂಜಲಿಯ ಮುಂದೆ ಹಳ್ಳಿಯವರಂತೆ ಕಾಣುತ್ತೇವೆಂಬ ನಾಚಿಕೆಗೆ ಅಂದೆ. ತಪ್ಪಾಯಿತು ಅತ್ತಿ. ಕೆಲಸಕ್ಕೆ ಆಳಿಲ್ಲವೆಂದು ಕರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಕೆಲಸ ಹೇಗೋ ಸಾಗುತ್ತದೆ. ನೀವಿಲ್ಲದ ಮನೆಯಲ್ಲಿ ನನಗೆ ಕೂಡಲಾಗುತ್ತಿಲ್ಲ.

ಶೀಲಾಳಿಗೆ, ಅವಳ ಮನೆಯವರಿಗೆ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ಮಾಯಾಳ ಮೇಲಂತೂ ಇರಲಿ, ನನ್ನದು ನಿಮ್ಮ ಮನಸ್ಸಿಗೆ ಬಿಟ್ಟದ್ದು.

ನಿಮ್ಮ ಸೊಸೆ,
ಬನಶಂಕರಿ

ತಾ.ಕ.: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಮಗ ಇಳಕಲ್ಲಿಗೆ ಹೊರಡಲು ಹೊರಗೆ ಗಾಡಿ ಚಾಲೂ ಮಾಡಿ ಕಾಯುತ್ತಿದ್ದಾರೆ. ನಿಮಗೆ ಓದಲು ಬರುವುದಿಲ್ಲ. ಯಾರಾದರೂ ಓದಿ ಹೇಳಲೇಬೇಕು. ಶೀಲಾಳ ಕೈಗೆ ಕೊಡದೆ, ನಿಮ್ಮೆದುರು ಕುಳಿತು ತಾವೇ ಓದಬೇಕು, ನಡುವೆ ನಿಲ್ಲಿಸಬಾರದು ಎಂದು ಅವರಿಂದ ಆಣೆ ಮಾಡಿಸಿಕೊಂಡಿದ್ದೇನೆ. ಒಳಗೆ ಏನಿದೆ ಎಂದು ಅವರಿಗೆ ಹೇಳಿಲ್ಲ. ಇಷ್ಟು ಓದಿದ ಮೇಲೆ ಅವರು ತಲೆ ಎತ್ತಿ, “ಇದು ಖರೇ ಏನಬೇ ಯವ್ವಾ?” ಎಂದು ಕೇಳುತ್ತಾರೆ. ಇವತ್ತು ನನ್ನ ಸಲುವಾಗಿ ಸುಳ್ಳು ಹೇಳಬೇಡಿ.