ಎಲ್ಬಿಯೊನ ಹಳೆಯ ಲಾಗ್‌ಗಳು

ಡಿಸೆಂಬರ್ ೩೦, ಮಾಂಟೆವಿಡಿಯೊ

ಕೊನೆಗೂ ಹಳೆಯ ಲಾಗ್‌ಗಳನ್ನು ಅಳಿಸಿದೆ. ಡಿಸ್ಕ್ ತುಂಬಿ ಆಸ್ಪತ್ರೆಯ ತಂತ್ರಾಂಶ ನಿಂತುಹೋಗಿತ್ತು, ಬೇರೆ ದಾರಿ ಇರಲಿಲ್ಲ. ಇನ್ನು ಮುಂದೆ, ತಂತ್ರಾಂಶ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಈ ಲಾಗ್ ಫೈಲುಗಳು ಹತ್ತೇ; ಹೊಸದು ಬಂದಂತೆ ಹಳೆಯದು ತಾನೇ ಹೋಗುತ್ತದೆ. ಇವತ್ತು ಹೋದವುಗಳಲ್ಲಿ, ಈ ತಂತ್ರಾಂಶ ಬರೆದ ನಮ್ಮ ಎಲ್ಬಿಯೊ ಬದುಕಿದ್ದ ದಿನಗಳವೂ ಇದ್ದವು.

ವರ್ಷದ ಕೊನೆಯ ಕೆಲಸದ ದಿನ. ಇಲ್ಲಿನ ರೂಢಿಯಂತೆ ಎಲ್ಲರೂ ಹಳೆಯ ಕ್ಯಾಲೆಂಡರ್ ಹರಿದು ಕಚೇರಿಯ ಕಿಟಕಿಯಿಂದ ತೂರುತ್ತಿದ್ದರು.

"ಊರಿಗೂರೇ ವರ್ಷಾನ ಬೀದಿಗೆ ಎಸೀತಿದೆ, ನಿಂಗೆ ನಾಲ್ಕು ಫೈಲ್ ಬಿಡೋಕಾಗಲ್ವೇನೇ?" ಎಂದಳು ಪಕ್ಕದ ಮೇಜಿನ ನಿಬಿಯಾ.

ಅಳಿಸುವ ಕೀಲಿ ಒತ್ತಿದೆ. ತಂತ್ರಾಂಶ ಮತ್ತೆ ಶುರುವಾಯಿತು. ಹೊಸ ಫೈಲಿನ ಮೊದಲ ಸಾಲು, ಎಲ್ಬಿಯೊ ನಮ್ಮನ್ನೆಲ್ಲ ಮಾಟೆ ಚಹಾಕ್ಕೆ ಕರೆಯುತ್ತಿದ್ದ ಮಾತು, ಎಂದೋ ತಮಾಷೆಗೆ ತಂತ್ರಾಂಶಕ್ಕೆ ಸೇರಿಸಿದ್ದು: "ನೀರು ಕಾದಿದೆ, ಬನ್ರೋ!"

ನಿಬಿಯಾ ಬಿಸಿನೀರಿನ ಫ್ಲಾಸ್ಕನ್ನು ನನ್ನತ್ತ ಸರಿಸಿದಳು.

ಆ ಸಾಲೂ ಹತ್ತು ಫೈಲು ತುಂಬಿದ ಮೇಲೆ ಹೋಗುತ್ತದೆ. ಆದರೆ ತಂತ್ರಾಂಶ ಶುರು ಮಾಡಿದಾಗಲೆಲ್ಲ ಎಲ್ಬಿಯೊ ಮತ್ತೆ ಕರೆಯುತ್ತಾನೆ. ತಂತ್ರಾಂಶದಿಂದಲೇ ಅಳಿಸಬೇಕೇ ಆ ಸಾಲನ್ನೂ? ಕರೆಯಲಿ ಬಿಡು. ಕಣ್ಣು ಎಳೆಯುತ್ತಿದೆ.