ಯಾರು ಎಂದು ಪ್ರತಿ ಸಲ ಕೇಳಬೇಕು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಈಗಲೂ ಕುರ್ಚಿಯ ಮೇಲೆ ಕಾಲು ಮಡಚಿ ಕೂತೇ ಕೆಲಸ ಮಾಡುತ್ತೀಯೋ ಏನೋ. ನಾಲ್ಕು ವರ್ಷದಲ್ಲಿ ನೀನು ಒಂದು ಸಾಲೂ ಬರೆದಿಲ್ಲ. ಆದರೂ ಮೊದಲು ಆರೋಗ್ಯ ಕೇಳುವ ನನ್ನ ಚಾಳಿ ಹೋಗಿಲ್ಲ. ನಾನಂತೂ ಚೆನ್ನಾಗಿಲ್ಲ. ನಿನ್ನ ದೆಸೆಯಿಂದ ಹೋದ ವಾರ ಮ್ಯಾನೇಜರ್ ಕೈಲಿ ಎಲ್ಲರೆದುರು ಉಗಿಸಿಕೊಂಡೆ.

ಆಸ್ಪತ್ರೆಯ ವರದಿಗಳ ವೆಬ್‌ಸೈಟಿಗೆ ನೀನು ಬರೆದಿಟ್ಟು ಹೋದ ಸರ್ವರ್ ಪ್ರೋಗ್ರಾಮನ್ನು ಈಗ ನೋಡಿಕೊಳ್ಳುವವಳು ನಾನೇ. ಪಾಸ್‌ವರ್ಡ್ ಒಮ್ಮೆ ಕೇಳಿ, ಇಂಥವರು ಎಂದು ಆ ಕನೆಕ್ಷನ್ ಮೇಲೆಯೇ ಗುರುತು ಹಾಕಿಕೊಂಡರೆ ಸಾಕು, ಅದು ಮುಚ್ಚುವ ತನಕ ಮತ್ತೆ ಕೇಳಬೇಕಿಲ್ಲ ಎಂದು ನೀನು ನಂಬಿದ್ದೆ. 'ಪದೇ ಪದೇ ಯಾರು ಯಾರು ಅಂತ ಕೇಳಿದ್ರೆ ಜನಕ್ಕೆ ಬೇಜಾರಾಗುತ್ತೆ ಕಣೇ' ಎಂದು ನನಗೆ ಪಾಠ ಬೇರೆ ಹೇಳಿದ್ದೆ. ಒಬ್ಬರಿಗೆ ಒಂದು ಕನೆಕ್ಷನ್ ಇದ್ದಷ್ಟು ದಿನ ನಡೆಯಿತು. ಹೋದ ತಿಂಗಳು ಜನ ಹೆಚ್ಚಾದರೆಂದು ಅದರ ಮುಂದೆ ಇನ್ನೊಂದು ಸರ್ವರ್ ಇಟ್ಟರು. ಅದು 'ನನ್ನ ವರದಿ ತೋರಿಸು' ಎಂಬ ಎಲ್ಲರ ಕೋರಿಕೆಗಳನ್ನೂ ಮೊದಲೇ ತೆರೆದಿರುವ ನಾಲ್ಕಾರು ಕನೆಕ್ಷನ್‌ಗಳಲ್ಲಿ ಒಂದರ ಹಿಂದೊಂದು ಒಳಗೆ ಕಳಿಸುತ್ತದೆ. ನಿನ್ನ ಸರ್ವರ್‌ಗೆ ಅದೆಲ್ಲಿ ಗೊತ್ತಾಗಬೇಕು! ಒಂದು ಕನೆಕ್ಷನ್‌ನಲ್ಲಿ ಮೊದಲು ಬಂದವರು ಯಾರೋ, ಅದರಲ್ಲಿ ಹಿಂದೆ ಬಂದವರೆಲ್ಲ ಅವರೇ ಎಂದುಕೊಂಡಿತು. ಬಸುರಿಯೋ ಅಲ್ಲವೋ ಎಂದು ನೋಡಲು ಬಂದ ದರ್ಜಿ ಹೆಂಗಸಿಗೆ ಯಾರೋ ಮೇಷ್ಟ್ರ ಕ್ಯಾನ್ಸರ್ ವರದಿ ತೋರಿಸಿತು. ಮೇಲಿನ ಹೆಸರು ಓದುವಷ್ಟು ಧೈರ್ಯ ಆಕೆಗೆ ಎಲ್ಲಿರಬೇಕು, ತನ್ನದೇ ಎಂದು ಎರಡು ದಿನ ಊಟ ಬಿಟ್ಟಿದ್ದಳಂತೆ.

ಇದನ್ನು ಬರೆದವರು ಯಾರು ಎಂದು ಮ್ಯಾನೇಜರ್ ಕೇಳಿದಾಗ ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನೋಡಿಕೊಳ್ಳುವವಳು ನಾನು, ತಪ್ಪು ನನ್ನದೇ ಎಂದೆ. ಈಗ ಸರಿಮಾಡಿದ್ದೇನೆ. ಪ್ರತಿ ಕೋರಿಕೆಯೂ ತನ್ನ ಗುರುತು ತಾನೇ ಹೊತ್ತು ತರಬೇಕು, ಸರ್ವರ್ ಪ್ರತಿ ಸಲವೂ ಅದನ್ನು ನೋಡಿಯೇ ಉತ್ತರ ಕೊಡುತ್ತದೆ. ಬೇಜಾರಾಗುವವರಿಗೆ ಆಗಲಿ.

ಅಪ್ಪನದನ್ನು ಸರಿಮಾಡಲು ಮಾತ್ರ ನನ್ನ ಕೈಲಾಗಲಿಲ್ಲ. ಒಂದು ವರ್ಷದಿಂದ ಅವರಿಗೆ ಮರೆವು. ಕೋಣೆಯ ಬಾಗಿಲು ದಾಟಿ ಬಂದವರೆಲ್ಲ ನೀನೇ. ನರ್ಸ್ ನೀನೇ, ನಲ್ಲಿ ರಿಪೇರಿಯವನು ನೀನೇ, ನಾನೂ ನೀನೇ. ನಾನು ಪುಟ್ಟಿ ಕಣಪ್ಪಾ ಎಂದು ಮೊದಮೊದಲು ತಿದ್ದುತ್ತಿದ್ದೆ. ತಿದ್ದಿದರೆ ಮುಖ ಬಾಡುತ್ತದೆ, ತುತ್ತು ಬಾಯಲ್ಲೇ ಉಳಿಯುತ್ತದೆ. ಈಗ 'ದೊಡ್ಡೋನೇ' ಎಂದರೆ ಹ್ಞೂಂ ಎನ್ನುತ್ತೇನೆ. ಉಣಿಸುವುದು, ಒರೆಸುವುದು, ಉಗುರು ಕತ್ತರಿಸುವುದು ನಾನು, ಹೆಸರು ನಿನ್ನದು. ಹೊಟ್ಟೆ ಉರಿಯುತ್ತದೆ ಅಣ್ಣಾ, ಸುಳ್ಳು ಯಾಕೆ ಹೇಳಲಿ. 'ನನ್ನ ಪಾಲಿಗೆ ನೀನು ಸತ್ತೆ' ಎಂದು ಅವರೇ ಹೊರಗೆ ಹಾಕಿದ ಮಗ ನೀನು. ಆ ಮಾತೂ ಮರೆತಿರಬೇಕು ಎಂದುಕೊಂಡಿದ್ದೆ.

ಇಷ್ಟು ಬೈದೆನೆಂದು ಊಟ ಬಿಡಬೇಡ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಅತ್ತಿಗೆಗೆ ನಾನು ಕೇಳಿದೆನೆಂದು ಹೇಳು.

ನಿನ್ನ ತಂಗಿ,
ಪುಟ್ಟಿ

ಇನ್ನೊಂದು ಮಾತು: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ಗಡ್ಡ ತೆಗೆಯುವಾಗ ಅಪ್ಪ ನನ್ನ ಕೈ ಹಿಡಿದುಕೊಂಡು, 'ದೊಡ್ಡೋನೇ, ಅವತ್ತು ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು ಕಣೋ' ಎಂದರು. ನಿನಗೆ ಸೇರಬೇಕಾದದ್ದು ನನಗೆ ಬಂತು, ಹಾಗೆಯೇ ನಿನಗೆ ದಾಟಿಸಿದ್ದೇನೆ. ಹೋಗಲಿ ಬಿಡಪ್ಪ ಎಂದು ನಿನ್ನ ಪರವಾಗಿ ಹೇಳಿಯೂ ಬಿಟ್ಟೆ. ಆಮೇಲೆ ಕೇಳಿದರು, 'ನಿನ್ನ ತಂಗಿ ಯಾಕೋ ಈ ಕಡೆ ತಲೆನೇ ಹಾಕಲ್ಲ?' ಅದಕ್ಕೆ ಮಾತ್ರ ನೀನೇ ಬಂದು ಉತ್ತರ ಹೇಳು.